ಭಾನುವಾರದ ನಿದ್ದೆಗೊಂದು ಫ್ಲ್ಯಾಟು

ನೆಮ್ಮದಿಯಾಗಿ ಇರೋಣ ಅಂತ ಹೊರಟವರನ್ನೇ ಇಂಥ ಪ್ರಸಂಗಗಳು ಹುಡುಕಿಕೊಂಡು ಬರುತ್ತವೋ ಏನೋ, ನಮ್ಮ ಮನೆಯಲ್ಲಂತೂ ಒಂದು ವಾರ ತಪ್ಪಿದರೆ ಇನ್ನೊಂದು ವಾರ ಏನಾದರೂ ಆಗಿಯೇ ಆಗುತ್ತದೆ. ನಾನು ಸಾಗರದಲ್ಲಿ ಹಲ್ಲಿನ ಡಾಕ್ಟರು. ನಮ್ಮವರು ವಕೀಲರು. ಸಾಗರದ ಕೋರ್ಟು ಸಾಲದು ಅಂತ ಹೊಸನಗರದಲ್ಲೂ ತೀರ್ಥಹಳ್ಳಿಯಲ್ಲೂ ಕೇಸು ಹಿಡಿದುಕೊಂಡಿದ್ದಾರೆ. ವಾರವೆಲ್ಲ ಮೂರೂರಿನ ನಡುವೆ ಓಡಾಡಿ ಓಡಾಡಿ, ಹೋದ ವರ್ಷ ಒಂದು ದಿನ ತಲೆ ಸುತ್ತಿ ಕೋರ್ಟಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ನೋಡಿದ ಡಾಕ್ಟರು ಬಿಪಿ ಮಾತ್ರೆ ಬರೆದುಕೊಟ್ಟು, "ಮಾತ್ರೆ ಅರ್ಧ ಕೆಲಸ ಮಾಡುತ್ತೆ. ಉಳಿದರ್ಧಕ್ಕೆ ಭಾನುವಾರ ಮಧ್ಯಾಹ್ನ ಊಟ ಮಾಡಿ ಕಣ್ತುಂಬ ನಿದ್ದೆ ಮಾಡಬೇಕು. ಇಲ್ಲಾಂದ್ರೆ ಮುಂದಿನ ಸಲ ಕೂತ್ಕೊಳ್ಳೋಕೂ ಟೈಮ್ ಇರಲ್ಲ" ಅಂದರು.

ನಾನು ನಿಜಕ್ಕೂ ಹೆದರಿದೆ. ಹೊರಗೆ ತೋರಿಸಿಕೊಳ್ಳಲಿಲ್ಲ ಅಷ್ಟೆ. ಆ ಭಾನುವಾರದ ನಿದ್ದೆಯನ್ನು ಅವರಿಗೆ ಹೇಗಾದರೂ ಮಾಡಿ ಕೊಡಿಸಲೇಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ. ಮುಂದೆ ಹೇಳುವುದೆಲ್ಲ ಆ ಒಂದು ನಿದ್ದೆಗಾಗಿ ಪಟ್ಟ ಪಾಡು.

ಗೇಟು ಎಷ್ಟೆತ್ತರ?

ಆಗ ನಾವು ಪೇಟೆಬೀದಿಯ ಬಾಡಿಗೆ ಮನೆಯಲ್ಲಿದ್ದೆವು. ಕಕ್ಷಿದಾರರು ಬೆಳಗಿನ ಮೊದಲ ಬಸ್ಸಿಗೆ ಬಂದಿಳಿದು ನೇರವಾಗಿ ನಮ್ಮ ಜಗಲಿಗೆ ಬರುತ್ತಿದ್ದರು. ಇವರು ಬಾಯಲ್ಲಿ ಬ್ರಷ್ ಇಟ್ಟುಕೊಂಡು ಹೊರಗೆ ಬಂದರೆ, "ಸಾರ್, ಸ್ಟೇ ಸಿಗುತ್ತಾ?" ಅಂತ ಕೇಳುವರು. ಇವರು ನೊರೆ ತುಂಬಿದ ಬಾಯಲ್ಲಿ "ಹ್ಞೂಂ" ಅಂದರೆ ಅದನ್ನೇ ಭರವಸೆ ಅಂತ ತಿಳಿದು ಊರಿಗೆ ಹೋಗಿ ಎದುರು ಪಾರ್ಟಿಗೆ ಸವಾಲು ಹಾಕುವರು. ನನ್ನ ಕಡೆಯವರೂ ಕಮ್ಮಿಯಿಲ್ಲ. ಮದುವೆಮನೆಯ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು ಪಾಯಸ ಬರುವ ಹೊತ್ತಿಗೆ ಬಾಯಿ ಅಗಲಿಸಿ ದವಡೆ ಹಲ್ಲು ತೋರಿಸಿದ್ದುಂಟು.

ಅಷ್ಟರಲ್ಲಿ ಊರಾಚೆ ಒಂದು ಐಷಾರಾಮಿ ಅಪಾರ್ಟ್‌ಮೆಂಟು ಎದ್ದಿತು. ಲಿಫ್ಟು, ಈಜುಕೊಳ, ಜಿಮ್ಮು, ಕರೆಂಟು ಹೋದರೆ ತಾನಾಗಿ ಶುರುವಾಗುವ ಜನರೇಟರು. ದುಡಿದು ಸುಸ್ತಾಗಿ ಬರುವವರಿಗೆ ಬೇರೇನು ಬೇಕು? ರಾತ್ರಿ ಎಂಟಕ್ಕೆ ಕ್ಲಿನಿಕ್ ಮುಚ್ಚಿ ಬಂದು ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ ಅನ್ನುವ ಮಾತಿಗೇ ನಾನು ಸೋತುಹೋದೆ. ಇದನ್ನು ಹೇಳಿಕೊಳ್ಳಲು ನನಗೆ ಯಾವ ನಾಚಿಕೆಯೂ ಇಲ್ಲ. ಬಚ್ಚಲೊಲೆಗೆ ಹಸಿ ಕಟ್ಟಿಗೆ ಒಟ್ಟಿ ಕಣ್ಣು ಕೆಂಪಗೆ ಮಾಡಿಕೊಂಡವರಿಗೆ ಮಾತ್ರ ಆ ನಲ್ಲಿಯ ಬೆಲೆ ಗೊತ್ತು.

ಮಾರಾಟದ ಹುಡುಗ ಟೈ ಕಟ್ಟಿಕೊಂಡು ಎಲ್ಲ ತೋರಿಸಿದ. ಇಟಲಿಯ ಮಾರ್ಬಲ್ಲು, ಜರ್ಮನಿಯ ನಲ್ಲಿ, ಬಾಲ್ಕನಿಯಿಂದ ಕಾಣುವ ಗುಡ್ಡ. ನಮ್ಮವರು ಯಾವುದನ್ನೂ ನೋಡಲಿಲ್ಲ. "ಕಾಂಪೌಂಡಿಗೆ ಇನ್ನೊಂದು ಕಡೆಯಿಂದ ದಾರಿ ಇದೆಯಾ? ಗೇಟು ಎಷ್ಟೆತ್ತರ? ಹತ್ತಿ ಬರೋಕಾಗುತ್ತಾ?" ಅಂತ ಕೇಳುತ್ತಲೇ ಹೋದರು. ಹುಡುಗನ ಮುಖ ಸಣ್ಣಗಾಯಿತು. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ:

"ಮೇಡಮ್, ಸಾರ್‌ನ ಪೊಲೀಸ್ರು ಹುಡುಕ್ತಿದಾರಾ?"

ಯಾವೂರಾತು?

ಗೇಟು ಸಾಕಷ್ಟು ಎತ್ತರವೇ ಇತ್ತು, ಫ್ಲ್ಯಾಟು ಕೊಂಡು ಮೂರನೇ ಮಹಡಿಗೆ ಬಂದೆವು. ಆದರೆ ಅದರ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು ಹೊಸನಗರ ಕಡೆಯ ಒಬ್ಬ ವಾಚ್‌ಮನ್ ಅಣ್ಣ. ಮೊದಲು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಜಾಗ ಇಲ್ಲ ಅಂತ ಯಾರನ್ನೂ ಕೆಳಗಿಳಿಸಿ ಅಭ್ಯಾಸವೇ ಇಲ್ಲ.

ಅವರ ಕೈಗೊಂದು ಮೊಬೈಲು ಕೊಟ್ಟಿದ್ದರು. ಯಾರಾದರೂ ಬಂದರೆ ಹೆಸರು ಒತ್ತಬೇಕು, ನಮಗೆ ಸಂದೇಶ ಬರಬೇಕು, ನಾವು ಒಪ್ಪಿದರೆ ಮಾತ್ರ ಒಳಗೆ ಬಿಡಬೇಕು. ಮೊದಲ ಭಾನುವಾರ ಊಟ ಮಾಡಿ ಇವರು ದಿಂಬಿಗೆ ತಲೆ ಕೊಟ್ಟಿದ್ದರಷ್ಟೆ, ಇಂಟರ್‌ಕಾಮ್ ಬಡಿದುಕೊಂಡಿತು.

"ಡಾಕ್ಟ್ರಮ್ಮ, ಇಬ್ರು ಬಂದ್ರು. ಮೇಲೆ ಕಳ್ಸಿದೀನಿ."

"ಅಣ್ಣಾ, ಕಳಿಸೋಕೆ ಮುಂಚೆ ಕೇಳಬೇಕಲ್ವ?"

"ಹೆಂಗೆ ಕೇಳೋದು? ಅವ್ರು ಎದುರಿಗೇ ನಿಂತಿರ್ತಾರಲ್ಲ. ನೀವು ಬ್ಯಾಡ ಅಂದ್ಬಿಟ್ರೆ ಅವ್ರಿಗೆ ಬೇಜಾರಾಗಲ್ವಾ?"

ಇವರು ಕೆಳಗಿಳಿದು ಹೋಗಿ, ಕೋರ್ಟಿನಲ್ಲಿ ವಾದ ಮಾಡಿದ ಹಾಗೆ ವಿವರಿಸಿ ಬಂದರು. ಕಕ್ಷಿದಾರರು ಯಾರೇ ಬಂದರೂ ಭಾನುವಾರ ಬಿಡಕೂಡದು. ಅಣ್ಣ ತಲೆಯಾಡಿಸಿದರು. ಮುಂದಿನ ಭಾನುವಾರ ಮತ್ತೆ ಬೆಲ್ಲು. ಇವರು ಸಿಟ್ಟಿನಿಂದ ಇಂಟರ್‌ಕಾಮ್ ಎತ್ತಿದರೆ ಆ ಕಡೆಯಿಂದ ಸಮಾಧಾನದ ದನಿ:

"ಕಕ್ಷಿದಾರರು ಅಲ್ಲ ಸಾರ್. ಯಾವೂರಾತು, ಯಾರ ಮನೆ ಅಂತ ಎಲ್ಲ ವಿಚಾರಿಸ್ದೆ. ನಿಮ್ಮ ಚಿಕ್ಕಮ್ಮನ ಮಗಳನ್ನ ಕೊಟ್ಟಿರೋ ಮನೆಯ ಪಕ್ಕದ ಮನೆಯೋರು. ನೆಂಟ್ರನ್ನ ತಡೆಯೋಕಾಗುತ್ತಾ?"

ಹೀಗೆ ನಮ್ಮ ಗೇಟಿನವರೆಗೆ ಕಕ್ಷಿದಾರರಾಗಿ ಬಂದವರೆಲ್ಲ ಗೇಟು ದಾಟುವಾಗ ನೆಂಟರಾಗಿ ದಾಟುತ್ತಿದ್ದರು. ಈ ಸೀಮೆಯಲ್ಲಿ ಇಬ್ಬರು ಎದುರುಬದುರು ನಿಂತು ಸ್ವಲ್ಪ ಹೊತ್ತು ಮಾತಾಡಿದರೆ ಯಾವುದಾದರೂ ಒಂದು ಮದುವೆಯಲ್ಲಿ ಸಂಬಂಧ ಕೂಡಿಯೇ ಕೂಡುತ್ತದೆ. ಬಿಡದೆ ಇರಲು ಕಾರಣವೇ ಸಿಗುವುದಿಲ್ಲ.

ಒಬ್ಬರನ್ನು ಮಾತ್ರ ಅಣ್ಣ ಬಿಸಿಲಿನಲ್ಲಿ ನಿಲ್ಲಿಸಿ ಒಳಗೆ ಬಿಡಲೇ ಇಲ್ಲ. ಈ ಅಪಾರ್ಟ್‌ಮೆಂಟನ್ನು ಕಟ್ಟಿಸಿದ ಮಾಲೀಕರನ್ನು! ಅವರು ಕಾರಿನಲ್ಲಿ ಕೂತು ಕೂಗಾಡಿ ನನಗೇ ಫೋನು ಮಾಡಿದರು. ಓಡಿ ಹೋಗಿ ಕೇಳಿದೆ, ಯಾಕಣ್ಣ ಬಿಡಲಿಲ್ಲ ಅಂತ.

"ಯಾವೂರಾತು ಅಂದೆ, ಬೆಂಗ್ಳೂರು ಅಂದ್ರು. ಅದಲ್ಲ, ಅದಕ್ಕಿಂತ ಮುಂಚೆ ಯಾವೂರು ಅಂದೆ. ಅದೂ ಬೆಂಗ್ಳೂರೇ ಅಂದ್ರು. ಊರೇ ಇಲ್ದಿರೋರನ್ನ ಹೆಂಗೆ ಬಿಡೋದು ಡಾಕ್ಟ್ರಮ್ಮ?"

ಲಿಫ್ಟಿಗೆ ಹತ್ತಿದ ಮೇಣ

ಬಂದವರು ಯಾರೂ ಬರಿಗೈಯಲ್ಲಿ ಬರುವುದಿಲ್ಲ, ಅದು ಇನ್ನೊಂದು ಕಥೆ. ಸೌತೆಕಾಯಿ, ಕಳಲೆ, ಜೇನುತುಪ್ಪ, ಬಾಳೆಗೊನೆ. ಬೇಡ ಅಂದರೆ ಮುಖ ಸಪ್ಪಗಾಗುತ್ತದೆ.

ತೀರ್ಥಹಳ್ಳಿ ಕಡೆಯ ಗೌಡರೊಬ್ಬರು ಇವರ ಬಹಳ ಹಳೆಯ ಕಕ್ಷಿದಾರರು. ದಾಯಾದಿಯ ಜೊತೆ ಒಂದು ಬೇಲಿಯ ತಕರಾರು. ಬೇಲಿ ಆ ಕಡೆ ಇರಬೇಕೋ ಈ ಕಡೆ ಇರಬೇಕೋ ಅನ್ನುವುದರಲ್ಲಿ ಬೇಲಿಯೇ ಗೆದ್ದಲು ತಿಂದು ಲಡ್ಡಾಗಿ ಬಿದ್ದುಹೋಗಿದೆ, ಕೇಸು ಮಾತ್ರ ಗಟ್ಟಿಯಾಗಿ ನಿಂತಿದೆ. ಅವರೊಂದು ಭಾನುವಾರ ಹೆಗಲ ಮೇಲೆ ಹಲಸಿನ ಹಣ್ಣು ಹೊತ್ತು ಬಂದರು. ಆಗಷ್ಟೇ ತೊಟ್ಟು ಮುರಿದದ್ದು, ಮೇಣ ಸುರಿಯುತ್ತಿತ್ತು. ಅದೇ ಕೈಯಲ್ಲಿ ಲಿಫ್ಟಿನೊಳಗೆ ಮೂರನೇ ಮಹಡಿಯ ಗುಂಡಿ ಒತ್ತಿದರು. ಒತ್ತಿದ ಗುಂಡಿ ಒಳಗೇ ಅಂಟಿಕೊಂಡು ಕೂತಿತು.

ಅಲ್ಲಿಂದ ಶುರುವಾಯಿತು. ಯಾರು ಎಲ್ಲಿ ಹತ್ತಿದರೂ, ಯಾವ ಮಹಡಿಗೆ ಹೊರಟರೂ, ಲಿಫ್ಟು ಮೊದಲು ನಮ್ಮ ಮೂರನೇ ಮಹಡಿಗೇ ಬಂದು ಬಾಯಿ ಬಿಡುವುದು. ಎದುರಿಗೇ ನಮ್ಮ ಬಾಗಿಲು. ಬಾಗಿಲವರೆಗೆ ಬಂದು ಮಾತಾಡಿಸದೆ ಹೋದರೆ ನಮ್ಮ ಕಡೆ ಅದು ಮರ್ಯಾದೆಯಲ್ಲ. ಐದನೇ ಮಹಡಿಯ ಬ್ಯಾಂಕ್ ಮ್ಯಾನೇಜರ್ ಮೇಡಮ್ ಬಂದರು, ನಾಲ್ಕನೇ ಮಹಡಿಯ ಅಡಿಕೆ ಮಂಡಿಯವರು ಮನೆಮಂದಿಯ ಸಮೇತ ಬಂದರು. "ಲಿಫ್ಟೇ ಕರ್ಕೊಂಡು ಬಂತು ಡಾಕ್ಟ್ರೇ, ಹೆಂಗೂ ಬಂದಿದ್ದಾತು, ಮಾತಾಡ್ಸಿ ಹೋಗೋಣ ಅಂತ" ಅಂದರು. ಬಂದವರಿಗೆಲ್ಲ ಕಾಫಿ ಮಾಡಿದೆ. ನಮ್ಮವರು ನಿದ್ದೆಗಣ್ಣಲ್ಲಿ ಶರ್ಟು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು ಮಾಡಿದರು.

ಶಿವಮೊಗ್ಗದಿಂದ ಮೆಕ್ಯಾನಿಕ್ ಬಂದ. ನಾನೇ ಕೊಬ್ಬರಿ ಎಣ್ಣೆ ಕೊಟ್ಟೆ. ಗುಂಡಿ ಬಿಟ್ಟುಕೊಂಡಿತು. ಇಷ್ಟು ದೂರದಿಂದ ಬಂದವನನ್ನು ಹಾಗೇ ಕಳಿಸುವುದು ಹೇಗೆ ಅಂತ ಕೂರಿಸಿ, ಅದೇ ಹಣ್ಣು ಕೊಯ್ದು ಒಂದು ದೊಡ್ಡ ಹೋಳು ಕೊಟ್ಟೆ. ಪಾಪ, ಖುಷಿಯಿಂದ ತೊಳೆ ತಾನೇ ಬಿಡಿಸಿಕೊಂಡು ತಿಂದ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕೆಳಗಿಳಿಯಲು ಲಿಫ್ಟಿನಲ್ಲಿ ನೆಲಮಹಡಿಯ ಗುಂಡಿ ಒತ್ತಿದ.

ಈ ಸಲ ಲಿಫ್ಟು ನೆಲ ಬಿಟ್ಟು ಮೇಲೇಳಲೇ ಇಲ್ಲ. ಇನ್ನು ಯಾರೂ ಬರುವುದಿಲ್ಲ ಅಂತ ಇವರು ಚಾದರ ಹೊದ್ದುಕೊಂಡರು. ಬೆಲ್ಲಾಯಿತು. ನಾಲ್ಕನೇ, ಐದನೇ ಮಹಡಿಯವರೆಲ್ಲ ಮೆಟ್ಟಿಲು ಹತ್ತಿ ಸುಸ್ತಾಗಿ, ಅರ್ಧ ದಾರಿಯಲ್ಲಿ ನೀರು ಕುಡಿಯಲು ನಮ್ಮ ಮನೆಗೆ ಬಂದಿದ್ದರು.

ಈಜುಕೊಳದಲ್ಲಿ ದವಡೆ

ಇವರ ನಿದ್ದೆ ಕೆಡಿಸುವುದರಲ್ಲಿ ನನ್ನ ಕಡೆಯವರದ್ದೂ ಪಾಲು ಇದೆ ಅಂತ ನಾನು ಒಂದು ಉಪಾಯ ಮಾಡಿದೆ. ಭಾನುವಾರ ಮಧ್ಯಾಹ್ನ ನಾನೇ ಮನೆಯಿಂದ ಹೊರಗಿದ್ದರೆ ನನ್ನನ್ನು ಕೇಳಿಕೊಂಡು ಬರುವವರಾದರೂ ತಪ್ಪುತ್ತಾರಲ್ಲ. ಈಜುಕೊಳಕ್ಕೆ ಹೋಗಿ ಕಾಲು ಇಳಿಬಿಟ್ಟು ಕೂತೆ. ಅಲ್ಲಿ ಈಜುವವರು ಬ್ಯಾಂಕ್ ಮ್ಯಾನೇಜರ್ ಮೇಡಮ್ ಒಬ್ಬರೇ. ಟೋಪಿ, ಕನ್ನಡಕ ಎಲ್ಲ ಹಾಕಿ ಶಿಸ್ತಾಗಿ ಈಜುತ್ತಿದ್ದರು. ನೋಡುತ್ತ ಕೂತೆ, ಮನಸ್ಸಿಗೆ ಹಿತವಾಗಿತ್ತು.

ಮೇಡಮ್ ನೀರಿನೊಳಗೆ ಮುಳುಗಿದರು. ನನ್ನ ಕಾಲ ಬುಡದಲ್ಲೇ ಎದ್ದರು. ಎದ್ದವರು ಬಾಯಿ ತೆರೆದೇ ಎದ್ದರು.

"ಡಾಕ್ಟ್ರೇ, ಹೇಗೂ ಸಿಕ್ಕಿದ್ರಲ್ಲ. ಬಲಗಡೆ ಹಿಂದಿನ ಹಲ್ಲು ಸ್ವಲ್ಪ ನೋಡಿ. ಬ್ಯಾಂಕಿಗೆ ರಜೆ ಹಾಕಿ ನಿಮ್ಮ ಕ್ಲಿನಿಕ್ಕಿಗೆ ಬರೋಕೆ ಆಗ್ತಾನೇ ಇಲ್ಲ."

ನನ್ನ ಹಾಗೇ ದುಡಿಯುವ ಹೆಂಗಸು, ಇಲ್ಲ ಅನ್ನಲು ಮನಸ್ಸು ಬರಲಿಲ್ಲ. ಮೊಬೈಲಿನ ಬೆಳಕು ಬಿಟ್ಟು, ಕೊಳದ ಅಂಚಿನಲ್ಲಿ ಬೋರಲು ಮಲಗಿ, ಬಗ್ಗಿ ನೋಡಿದೆ. ಸಣ್ಣ ಹುಳುಕು. ಸೋಮವಾರ ಬನ್ನಿ ಅಂದೆ.

ಬಾಲ್ಕನಿಗಳಿಂದ ಎಷ್ಟು ಜನ ನೋಡಿದರೋ, ಅವರು ಎಲ್ಲೆಲ್ಲಿ ಹೇಳಿದರೋ. ಸೋಮವಾರ ಕ್ಲಿನಿಕ್ ತೆಗೆಯುವ ಹೊತ್ತಿಗೇ ತಾಳಗುಪ್ಪದಿಂದ ಫೋನು:

"ಡಾಕ್ಟ್ರೇ, ನೀರೊಳಗೆ ಮುಳುಗ್ಸಿ ಹಲ್ಲು ಕಿತ್ರೆ ನೋವಾಗಲ್ವಂತೆ ಹೌದಾ? ನಮ್ಮಜ್ಜಿಗೆ ಈಜು ಬರಲ್ಲ, ಪರವಾಗಿಲ್ವಾ?"

ನಡೆದರೂ ಮುಗಿಯದ ದಾರಿ

ಮನೆಯಲ್ಲಿ ನಿದ್ದೆ ಆಗುವುದಿಲ್ಲ ಅಂತ ಖಾತ್ರಿಯಾದ ಮೇಲೆ ಇವರು ಜಿಮ್ಮಿಗೆ ಹೋಗಿ ಅಡಗಿಕೊಳ್ಳತೊಡಗಿದರು. ಟ್ರೆಡ್‌ಮಿಲ್ ಮೇಲೆ ನಿಧಾನ ನಡೆದರೆ ಅದೂ ಬಿಪಿಗೆ ಒಳ್ಳೆಯದೇ, ಆಮೇಲೆ ಅಲ್ಲೇ ಚಾಪೆಯ ಮೇಲೆ ಒರಗಬಹುದು ಅನ್ನುವ ಲೆಕ್ಕಾಚಾರ. ಎರಡು ಭಾನುವಾರ ಬಚಾವಾದರು. ಮೂರನೆಯದಕ್ಕೆ ಗೌಡರು ಪತ್ತೆ ಹಚ್ಚಿದರು.

ನಾನು ನೀರಿನ ಬಾಟಲಿ ಕೊಡಲು ಹೋದಾಗ ಕಂಡ ನೋಟ ಹೀಗಿತ್ತು. ಒಂದು ಯಂತ್ರದ ಮೇಲೆ ಇವರು, ಟೀಶರ್ಟು ಬೂಟು ಹಾಕಿಕೊಂಡು. ಪಕ್ಕದ ಯಂತ್ರದ ಮೇಲೆ ಗೌಡರು, ಪಂಚೆ ಎತ್ತಿ ಕಟ್ಟಿ, ಬರಿಗಾಲಲ್ಲಿ, ಕಂಕುಳಲ್ಲಿ ಕೊಡೆ. ಇವರು ಹೆಜ್ಜೆ ಜೋರು ಮಾಡಿದರೆ ಅವರೂ ಜೋರು ಮಾಡುತ್ತಿದ್ದರು. ಬೇಲಿಯ ವಿಷಯ ಮಾತ್ರ ನಿಂತಿರಲಿಲ್ಲ.

"ಗೌಡ್ರೇ, ಇವತ್ತು ಭಾನುವಾರ. ನಾಳೆ ಆಫೀಸಿಗೆ ಬನ್ನಿ" ಅಂದರು ಇವರು, ಏದುಸಿರು ಬಿಡುತ್ತ.

"ಬತ್ತೀನಿ ಬತ್ತೀನಿ. ಇವತ್ತು ಹಂಗೇ ಮಾತಾಡ್ಸಿ ಹೋಗೋಣ ಅಂತ ಬಂದೆ. ಒಬ್ರೇ ನಡೀತಿದ್ರಿ, ಜೊತೆಗೆ ಯಾರೂ ಇಲ್ಲ ಅಂತ ಬೇಜಾರಾತು."

ಗೌಡರು ಕಾಲ ಕೆಳಗೆ ಓಡುವ ಪಟ್ಟಿಯನ್ನು ನೋಡಿದರು, ಎದುರಿನ ಗೋಡೆಯನ್ನು ನೋಡಿದರು. ಆಮೇಲೆ ಕೇಳಿದರು:

"ಅಲ್ಲ ಸಾರ್, ಇಷ್ಟೊತ್ತು ನಡೆದ್ರೂ ಇದ್ದಲ್ಲೇ ಇದೀವಲ್ಲ. ಈ ಮಿಶನ್ನನ್ನೂ ನೀವೇ ನಡೆಸ್ತಿರೋದಾ?"

ಬಾಗಿಲಿಗೊಂದು ಕಾವಲು

ಇಷ್ಟಾದ ಮೇಲೆ ನಾನು ಬಾಗಿಲಿಗೆ ಒಂದು ಕಾಗದ ಅಂಟಿಸಿದೆ: "ಭಾನುವಾರ ಭೇಟಿ ಇಲ್ಲ." ಬಂದವರು ಅದನ್ನು ಪೂರ್ತಿ ಓದಿ, ಬೆಲ್ ಒತ್ತಿ, "ಭಾನುವಾರ ಭೇಟಿ ಇಲ್ವಾ?" ಅಂತ ಕೇಳಿ, ಒಳಗೆ ಬಂದು ಕೂತರು. ಅಷ್ಟರಲ್ಲಿ ಬಿಪಿ ನೋಡಿಸಿದೆವು, ಇಳಿದಿರಲಿಲ್ಲ. ಸ್ವಲ್ಪ ಏರಿತ್ತು. ಅವತ್ತು ಕಾರಿನಲ್ಲಿ ವಾಪಸು ಬಂದಾಗ ಗೇಟಿನಲ್ಲಿ ನನ್ನ ಮುಖ ನೋಡಿದ ವಾಚ್‌ಮನ್ ಅಣ್ಣ ಏನಾಯಿತು ಅಂತ ಕೇಳಿದರು. ಅಳು ತಡೆಯಲಾರದೆ ಎಲ್ಲ ಹೇಳಿಬಿಟ್ಟೆ.

ಅಣ್ಣನ ಮುಖ ಕಪ್ಪಿಟ್ಟಿತು. ಮರುದಿನ ರಜೆ ಹಾಕಿ ಹೊಳೆ ದಾಟಿ ಸಿಗಂದೂರಿನ ದೇವಿಯ ಗುಡಿಗೆ ಹೋಗಿ ಬಂದರು. ಬರುವಾಗ ಒಂದು ಬೋರ್ಡು ತಂದಿದ್ದರು. ನಮ್ಮ ಕಡೆ ತೋಟ, ಗದ್ದೆ, ಖಾಲಿ ಸೈಟುಗಳಲ್ಲೆಲ್ಲ ಅದನ್ನು ಕಾಣಬಹುದು. ಈ ಜಾಗಕ್ಕೆ ದೇವಿಯ ಕಾವಲಿದೆ ಅಂತ ಬರೆದಿರುತ್ತದೆ. ಅದಿದ್ದ ಕಡೆ ಬಿದ್ದ ಅಡಿಕೆಯನ್ನೂ ಯಾರೂ ಹೆಕ್ಕುವುದಿಲ್ಲ. ಅಣ್ಣ ಭಕ್ತಿಯಿಂದ ಅದನ್ನು ನಮ್ಮ ತೇಗದ ಬಾಗಿಲಿಗೆ, ಕ್ಯಾಮೆರಾ ಇರುವ ಬೆಲ್ಲಿನ ಪಕ್ಕದಲ್ಲೇ, ತೂಗುಹಾಕಿದರು.

"ಇನ್ನು ಯಾರು ಮುಟ್ತಾರೋ ನೋಡೇಬಿಡೋಣ."

ಯಾರೂ ಮುಟ್ಟಲಿಲ್ಲ. ಕೆಲಸದಾಕೆ ಮೆಟ್ಟಿಲಲ್ಲೇ ನಿಂತು, "ಎಂತ ಕಳುವಾತು ಡಾಕ್ಟ್ರಮ್ಮ? ನಾನಂತೂ ಒಂದು ಚಮಚಾನೂ ತಗಂಡಿಲ್ಲ" ಅಂತ ಕೈಮುಗಿದಳು. ಗ್ಯಾಸಿನವನು ಸಿಲಿಂಡರನ್ನು ಕೆಳಗೇ ಇಟ್ಟು ಹೋದ.

ಭಾನುವಾರ ಬಂತು. ಊಟ ಆಯಿತು. ಪರದೆ ಎಳೆದೆ. ಇವರು ಮಲಗಿದರು. ಇಡೀ ಮನೆಯಲ್ಲಿ ಫ್ಯಾನಿನದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಾನು ಉಸಿರು ಬಿಗಿಹಿಡಿದು ಹೊರಗೆ ಸೋಫಾದಲ್ಲಿ ಕೂತೆ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ: "ಯಾರಾದ್ರೂ ಬಂದ್ರೇನೇ?"

"ಇಲ್ಲ. ಮಲಗಿ."

ಇನ್ನೊಂದು ಸ್ವಲ್ಪ ಹೊತ್ತಿಗೆ: "ಯಾರೂ ಬರ್ಲೇ ಇಲ್ವಾ?"

ಆಮೇಲೆ ಎದ್ದೇ ಬಂದರು. ಬೆಲ್ಲು ಕೆಟ್ಟಿರಬೇಕು ಅಂತ ಅವರ ಅನುಮಾನ. ಹೊರಗೆ ಹೋಗಿ ತಾವೇ ಒತ್ತಿ ನೋಡಿದರು. ಚೆನ್ನಾಗಿಯೇ ಬಾರಿಸಿತು. ಮತ್ತೆ ಮಲಗಿದರು, ಹೊರಳಿದರು, ದಿಂಬು ತಿರುಗಿಸಿದರು. ಕೊನೆಗೆ, "ಒಂದು ನಿಮಿಷ ಪೇಪರ್ ತಗೊಂಡು ಬರ್ತೀನಿ" ಅಂತ ಚಪ್ಪಲಿ ಮೆಟ್ಟಿ ಕೆಳಗೆ ಹೋದರು.

ಹೋದವರು ಬರಲೇ ಇಲ್ಲ. ಹೊತ್ತಾಯಿತು. ಕೋರ್ಟಿನ ಮೆಟ್ಟಿಲು ನೆನಪಾಯಿತು. ಲಿಫ್ಟಿಗೂ ಕಾಯದೆ ಓಡಿ ಇಳಿದೆ.

ಕೆಳಗೆ, ಬಂದವರು ಕೂರುವ ದೊಡ್ಡ ಹಾಲ್ ಬಾಗಿಲಿಗೆ ಅಡ್ಡಲಾಗಿ ವಾಚ್‌ಮನ್ ಅಣ್ಣ ಕೈ ಅಗಲಿಸಿ ನಿಂತಿದ್ದರು. ಹೊರಗೆ ಐದಾರು ಜನ. "ಯಾವೂರೇ ಆಗ್ಲಿ, ಯಾರ ಮನೆಯೋರೇ ಆಗ್ಲಿ, ಈಗ ಬಿಡಲ್ಲ" ಅಂತ ಅಣ್ಣ ಪಿಸುಗುಟ್ಟುತ್ತಿದ್ದರು. ಅಡಿಕೆ ಮಂಡಿಯವರು ಚಪ್ಪಲಿ ಕೈಯಲ್ಲಿ ಹಿಡಿದು ತುದಿಗಾಲಲ್ಲಿ ಲಿಫ್ಟಿನ ಕಡೆ ಹೋಗುತ್ತಿದ್ದರು. ಒಳಗೆ ದೊಡ್ಡ ಸೋಫಾದ ಮೇಲೆ, ದೇವಿಯ ಬೋರ್ಡಿಗೆ ಹೆದರಿ ಮೇಲೆ ಬಾರದ ನಮ್ಮ ಗೌಡರು ನೆಟ್ಟಗೆ, ಅಲುಗಾಡದೆ ಕೂತಿದ್ದರು. ಅವರ ಹೆಗಲ ಮೇಲೆ ತಲೆಯಿಟ್ಟು, ಬಾಯಿ ಸ್ವಲ್ಪ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ, ನಮ್ಮವರು ಗಾಢವಾಗಿ ನಿದ್ದೆ ಮಾಡುತ್ತಿದ್ದರು.

ಬೇಲಿಯ ಕಥೆಯನ್ನು ಮೊದಲಿನಿಂದ ಹೇಳಿ ಅಂತ ಇವರೇ ಕೇಳಿದರಂತೆ. ಬೇಲಿಗೆ ಮೊದಲ ಗೂಟ ಹುಗಿಯುವಷ್ಟರಲ್ಲಿ ನಿದ್ದೆ ಹತ್ತಿತಂತೆ. ಆಗಿನಿಂದ ಗೌಡರ ಹೆಗಲು ಮರಗಟ್ಟಿದ್ದರೂ, ಬಾಯಿ ತುಂಬ ಇದ್ದ ಕವಳವನ್ನು ಎದ್ದು ಹೋಗಿ ಉಗಿಯದೆ ಹಾಗೇ ಕೂತಿದ್ದರು. ಎದ್ದರೆ ಸಾಹೇಬರಿಗೆ ಎಚ್ಚರಾದೀತು ಅಂತ. ಅಷ್ಟೂ ಜನರ ಮೇಲೆ ನನಗಿದ್ದ ಸಿಟ್ಟು ಆ ಕ್ಷಣವೇ ಇಳಿದುಹೋಯಿತು. ಕಣ್ಣಲ್ಲಿ ನೀರು ಬಂತು.

ನನ್ನನ್ನು ನೋಡಿದ ಗೌಡರು, ಎಲೆಯಡಿಕೆ ರಸ ಚೆಲ್ಲದ ಹಾಗೆ ಗದ್ದ ಮೇಲೆತ್ತಿ, ಮೆಲ್ಲಗೆ ಹೇಳಿದರು:

"ನಮ್ಮಪ್ಪನ ಕಾಲದ ಕೇಸು ಡಾಕ್ಟ್ರಮ್ಮ. ಅಂತೂ ಇಷ್ಟು ವರ್ಷಕ್ಕೆ ಇದ್ರಿಂದ ಒಬ್ರಿಗಾದ್ರೂ ನೆಮ್ಮದಿ ಸಿಕ್ತಲ್ಲ ಮಾರಾಯ್ರೆ!"